ಟ್ರಯಾಜ್‌ಗೆ ಕನ್ನಡ ಪದ: ನಾಳೆ ಬೆಳಿಗ್ಗೆ ಫಲಕ ಅಚ್ಚಿಗೆ

ಪ್ರಶ್ನೆ (ಘಾಟ್‌ಕೋಪರ್, ಮುಂಬೈ):
ನಮಸ್ಕಾರ. ಮಳೆಗಾಲಕ್ಕೆ ಮುಂಚಿನ ಮಾಕ್ ಡ್ರಿಲ್‌ಗೆ ನಮ್ಮ ಆಸ್ಪತ್ರೆಯಲ್ಲಿ ಫಲಕ ಬರೆಸುತ್ತಿದ್ದಾರೆ. ಮರಾಠಿ, ಹಿಂದಿ ಆಗಿದೆ. ಕಲಬುರಗಿ, ವಿಜಯಪುರ ಕಡೆಯ ಕಟ್ಟಡ ಕೂಲಿಯವರು ಬರುತ್ತಾರೆ, ಕನ್ನಡವೂ ಇರಲಿ ಎಂದು ಹಟ ಹಿಡಿದವಳು ನಾನೇ. ಟ್ರಯಾಜ್, ಅಂದರೆ ಯಾರಿಗೆ ಮೊದಲು ಚಿಕಿತ್ಸೆ ಎಂದು ನೋಡಿ ತೀರ್ಮಾನಿಸುವುದು. ಅದನ್ನು ಮಾಡುವ ಬಾಗಿಲಿಗೆ 'ರೋಗಿ ವಿಂಗಡಣೆ' ಎಂದರೆ ಸರಿಯೇ? ನಾಳೆ ಹತ್ತಕ್ಕೆ ಅಚ್ಚಿಗೆ ಹೋಗಬೇಕು.

ಉತ್ತರ (ಪುಣೆ):
ಟ್ರಯಾಜ್ ಅಂದರೆ ಮೂರು ಪಾಲು. ಇಬ್ಬಗೆ ಇದ್ದಂತೆ 'ಮುಬ್ಬಗೆ'. ಅಚ್ಚಗನ್ನಡದಲ್ಲೇ ಸಿಗುವಾಗ ಬೇರೆ ಕಡೆ ಕೈಚಾಚುವುದೇಕೆ?

ಉತ್ತರ (ಮಾಟುಂಗಾ):
ಆ ಪದದಲ್ಲಿ 'ಮೂರು' ಇಲ್ಲವೇ ಇಲ್ಲ. ಫ್ರೆಂಚಿನ 'ಟ್ರಿಯೆ' ಎಂದರೆ ಆರಿಸು, ಬೇರೆ ಮಾಡು. ಉಣ್ಣೆಗೆ, ಕಾಫಿ ಬೀಜಕ್ಕೆ ಹೇಳುತ್ತಿದ್ದದ್ದು ಆಮೇಲೆ ಯುದ್ಧದ ಗಾಯಾಳುಗಳಿಗೆ ಬಂತು. ಯಾರದು ಎಷ್ಟು ತುರ್ತು ಎಂದು ತೋರಿಸಲು ರೋಗಿಯ ಕೈಗೆ ಕಟ್ಟುವ ಪಟ್ಟಿಯಲ್ಲಿ ಕೆಂಪು, ಹಳದಿ, ಹಸಿರು, ಕಪ್ಪು ಎಂದು ನಾಲ್ಕು ಬಣ್ಣ. ಮುಬ್ಬಗೆ ಬಿಡಿ.

ವಿಂಗಡಣೆ ಒಳ್ಳೆಯ ಪದ, ಈ ಬಾಗಿಲಿಗೆ ಬೇಡ. ಇವತ್ತು ಅದು ಕೇಳಿಬರುವುದು ಹಸಿ ಕಸ, ಒಣ ಕಸದ ಜೊತೆಗೆ. ಮಗುವನ್ನು ಎತ್ತಿಕೊಂಡು ಓಡಿಬಂದ ತಾಯಿ ಅದನ್ನು ಓದಬಾರದು.

2005ರ ಜುಲೈ 26, ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ನಾನಾಗ ಒಂದು ಆಸ್ಪತ್ರೆಯಲ್ಲಿ ವಾರ್ಡ್‌ಬಾಯ್. ನೆಲಮಾಳಿಗೆಯ ಜನರೇಟರಿಗೆ ನೀರು ನುಗ್ಗಿ ಕತ್ತಲೆ. ಡಾಕ್ಟರು ಟಾರ್ಚ್ ಬೆಳಕಲ್ಲಿ ಒಬ್ಬೊಬ್ಬರನ್ನೇ ನೋಡಿ ಕಳಿಸುತ್ತಿದ್ದರು. ಕೈಗೆ ಒದ್ದೆ ಸೆರಗು ಸುತ್ತಿಕೊಂಡಿದ್ದ ಅಜ್ಜಿಯೊಬ್ಬರು ನನ್ನನ್ನು ತಡೆದರು: 'ಅಂವಾ ಈಗ ಬಂದಾನ, ಒಳಗ ಹ್ವಾದ. ನಾ ಸಂಜಿಂದ ಕುಂತೀನಿ.' 'ಮೊದಲ ಬಂದವ್ರಿಗಲ್ಲ ಯವ್ವಾ, ಮೊದಲ ಉಳಿಸಬೇಕಾದವ್ರಿಗೆ' ಎಂದೆ. ಅವರು ಸರಿದು ಅವನ ಹೆಂಡತಿಗೆ ಜಾಗ ಮಾಡಿಕೊಟ್ಟರು.

ಅದಕ್ಕೇ ನನ್ನ ಸಲಹೆ: 'ಮೊದಲು ಯಾರಿಗೆ? ಇಲ್ಲಿ ನೋಡಿ ಹೇಳುತ್ತಾರೆ.' ಇನ್ನೊಂದು ಮಾತು, ಕಪ್ಪು ಪಟ್ಟಿಯ ಜಾಗಕ್ಕೆ 'ಮೃತರು' ಎಂದು ಬರೆಸಲೇಬೇಡಿ. ಕೆಲವು ಪದ್ಧತಿಗಳಲ್ಲಿ ಉಳಿಯುವ ಆಸೆ ತೀರಾ ಕಡಿಮೆ ಇರುವವರಿಗೂ ಅದೇ ಬಣ್ಣ. ಉಸಿರು ಇನ್ನೂ ಆಡುತ್ತಿರುತ್ತದೆ. ಅಲ್ಲಿ ಬಣ್ಣವೊಂದೇ ಸಾಕು.

ಉತ್ತರ (ಪುಣೆ):
ಕೇಳಿದ್ದು ಪದ. ಕೊಟ್ಟದ್ದು ವಾಕ್ಯ.

ಉತ್ತರ (ಡೊಂಬಿವಲಿ):
ಬಸ್ಸು, ಡಾಕ್ಟರು, ಆಸ್ಪತ್ರೆ ಎಲ್ಲವೂ ಹೊರಗಿನಿಂದ ಬಂದವೇ. ಟ್ರಯಾಜ್ ಒಂದಕ್ಕೆ ಯಾಕೆ ಬಾಗಿಲು ಮುಚ್ಚುವುದು?

ಪ್ರಶ್ನೆ ಕೇಳಿದವರು:
ಮಾಟುಂಗಾದವರ ವಾಕ್ಯ ಕಳಿಸಿದೆ, ಕೆಳಗೆ ಸಣ್ಣಕ್ಷರದಲ್ಲಿ ಟ್ರಯಾಜ್. ಕಪ್ಪು ಫಲಕದ ಮೇಲಿನ ಬರಹ ತೆಗೆಸಿದೆ, ಮರಾಠಿಯಲ್ಲೂ.

ಉತ್ತರ (ಪುಣೆ):
ಸಣ್ಣಕ್ಷರವಾದರೂ ಎರವಲು ಎರವಲೇ.