ಕುದುರೆಗೆ ಮೇಕೆ ಜೊತೆ: ಪಶುವೈದ್ಯರಿಗೆ ನಿಮ್ಮ ಪ್ರಶ್ನೆಗಳು

ಡಾಕ್ಟರು: ರೇಸ್ ಬಿಟ್ಟ ಕುದುರೆಗಳನ್ನು ತೋಟದಲ್ಲಿ ಸಾಕುವವರು ಜೊತೆಗೆ ಮೇಕೆ ಇಡಬಹುದಾ ಅಂತ ಕೇಳುತ್ತಿದ್ದೀರಿ. ಇವತ್ತು ಸಂಜೆ ಈ ಗುಂಪಿನಲ್ಲೇ ಕೇಳಿ. ಫಾರ್ವರ್ಡ್ ಆಗಿ ಬಂದ ಮದ್ದಿನ ಮೆಸೇಜ್ ಹಾಕಬೇಡಿ.

ಕನಕಪುರ ಸದಸ್ಯೆ: ನಮಸ್ತೆ ಸರ್. ನಮ್ಮದು ಒಂಟಿ ಕುದುರೆ. ದಿನವಿಡೀ ಬಾಗಿಲ ಹತ್ತಿರ ತೂಗಾಡುತ್ತಾ ನಿಲ್ಲುತ್ತದೆ. ಮೇಕೆ ತಂದರೆ ಸರಿಹೋಗುತ್ತದಾ?

ಡಾಕ್ಟರು: ಇನ್ನೊಂದು ಕುದುರೆಯೋ ಕತ್ತೆಯೋ ಸಿಕ್ಕರೆ ಅದೇ ಒಳ್ಳೆಯದು. ಆಗದಿದ್ದರೆ ಮೇಕೆ ತನ್ನಿ, ಆದರೆ ಎರಡು ತನ್ನಿ. ಮೇಕೆಗೂ ಮೇಕೆ ಬೇಕಲ್ವಾ? ಬೀಜ ಒಡೆಸಿದ ಹೋತವಾದರೆ ವಾಸನೆ, ಗುದ್ದಾಟ ಕಡಿಮೆ. ಅದಕ್ಕೆ ಕಾಳು ಜಾಸ್ತಿ ಹಾಕಬೇಡಿ, ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ಮೊದಲ ಕೆಲವು ದಿನ ನಡುವೆ ಬೇಲಿ ಇರಲಿ. ತೂಗಾಡುವ ಚಾಳಿ ಹಳೆಯದಾಗಿದ್ದರೆ ಪೂರ್ತಿ ಹೋಗದೇ ಇರಬಹುದು. ಕುದುರೆಯನ್ನು ಹೆಚ್ಚು ಹೊತ್ತು ಬಯಲಿಗೆ ಬಿಡಿ.

ತುಮಕೂರು ಸದಸ್ಯ: ಕೊಂಬಿರುವ ಮೇಕೆ ನಡೆಯುತ್ತಾ ಸರ್?

ಡಾಕ್ಟರು: ಬೇಡ. ಕುದುರೆಯ ಕಣ್ಣಿಗೆ ಅಪಾಯ.

ಹಾಸನ ಸದಸ್ಯೆ: ಮೇಕೆ ನಮ್ಮ ಕುದುರೆಯ ಬಾಲದ ಕೂದಲೆಲ್ಲ ಜಗಿದು ಹಾಕಿದೆ. ಏನು ಮಾಡಲಿ?

ಮೈಸೂರು ಸದಸ್ಯ: ಮೇಕೆಗೆ ಉಣ್ಣಿ ಹತ್ತಿದೆ. ಅಮಿಟ್ರಾಜ್ ಅನ್ನೋ ಉಣ್ಣಿ ಔಷಧಿ ನೀರಿಗೆ ಕಲಸಿ ಮೇಕೆ, ಕುದುರೆ ಎರಡಕ್ಕೂ ಹಚ್ಚಿ ಅಂತ ಒಂದು ಮೆಸೇಜ್ ಬಂದಿದೆ.

ಡಾಕ್ಟರು: ಕುದುರೆಗೆ ಅಮಿಟ್ರಾಜ್ ಮುಟ್ಟಿಸಬೇಡಿ. ಕರುಳು ಓಡಾಡುವುದು ನಿಂತು ಲದ್ದಿ ಕಟ್ಟುತ್ತದೆ, ಪ್ರಾಣವೇ ಹೋಗಬಹುದು. ಆ ಮೆಸೇಜ್ ಅಳಿಸಿ. ಕಳಿಸಿದವರಿಗೂ ಹೇಳಿ.

ದೊಡ್ಡಬಳ್ಳಾಪುರ ಸದಸ್ಯ: ಸರ್, ನಿನ್ನೆಯಿಂದ ನಮ್ಮ ಹೆಣ್ಣು ಕುದುರೆ ಮಂಕಾಗಿದೆ. ಮೇವು ಬಿಟ್ಟಿದೆ. ಸುಮ್ನೆ ನಿಂತಲ್ಲೇ ಬೆವರುತ್ತದೆ, ಹಿಂಗಾಲು ನಡುಗುತ್ತದೆ, ಮೂತ್ರ ಕಂದು ಬಣ್ಣ. ಮೇಕೆಗಳ ಜೊತೆಗೇ ಇರುತ್ತದೆ. ಮೇಕೆಗಳು ಚೆನ್ನಾಗಿವೆ.

ಡಾಕ್ಟರು: ಮೇಕೆಗೆ ಏನು ಹಾಕುತ್ತೀರಿ? ಕುದುರೆ ಅದಕ್ಕೆ ಬಾಯಿ ಹಾಕುತ್ತದಾ?

ದೊಡ್ಡಬಳ್ಳಾಪುರ ಸದಸ್ಯ: ಕೊಬ್ಬಿಸುವ ಫೀಡು, ಹೊಸ ಚೀಲ. ಹೌದು ಸರ್, ದಿನಾ ತೊಟ್ಟಿ ನೆಕ್ಕುತ್ತದೆ.

ಶಿವಮೊಗ್ಗ ಸದಸ್ಯ: ಇದು ಹೊಟ್ಟೆನೋವೇ. ಶುಂಠಿ, ಇಂಗು, ಎಳ್ಳೆಣ್ಣೆ ಕಾಯಿಸಿ ಬಿದಿರಿನ ಗೊಟ್ಟದಲ್ಲಿ ಬಾಯಿಗೆ ಹೊಯ್ಯಿರಿ.

ಡಾಕ್ಟರು: ಗೊಟ್ಟ ಹಾಕಬೇಡಿ! ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ.

ದೊಡ್ಡಬಳ್ಳಾಪುರದವರೇ, ಈಗಲೇ ಆ ಫೀಡು ನಿಲ್ಲಿಸಿ. ನನಗೆ ಮೊನೆನ್ಸಿನ್ ಅನ್ನೋ ಔಷಧಿಯ ಅನುಮಾನ. ಕೋಳಿ, ಮೇಕೆಗಳ ರಕ್ತಭೇದಿ ತಡೆಯಲು ಕೆಲವು ಫೀಡುಗಳಿಗೆ ಅದನ್ನು ಬೆರೆಸುತ್ತಾರೆ. ಸರಿಯಾದ ಅಳತೆಯಲ್ಲಿದ್ದರೆ ಮೇಕೆ ತಡೆಯುತ್ತದೆ, ಕುದುರೆ ತಡೆಯುವುದಿಲ್ಲ. 450 ಕೆಜಿ ಕುದುರೆಯನ್ನು ಕೊಲ್ಲಲು 1 ಗ್ರಾಂ ಆಸುಪಾಸು ಸಾಕು. ಸ್ನಾಯು ಒಡೆಯುತ್ತದೆ, ಅದಕ್ಕೇ ಮೂತ್ರ ಕಂದು. ಹೃದಯವೂ ಸ್ನಾಯುವೇ. ಇದಕ್ಕೆ ಪ್ರತಿವಿಷ ಇಲ್ಲ. ನಡೆಸಬೇಡಿ, ಓಡಿಸಬೇಡಿ, ಲಾರಿಗೂ ಹತ್ತಿಸಬೇಡಿ. ಎದುರಿಗೇ ನೀರಿಡಿ. ಊರಿನ ಪಶುವೈದ್ಯರನ್ನು ಕರೆಸಿ, ಸಿಗದಿದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ರಕ್ತ ತೆಗೆದು ಸ್ನಾಯುವಿನ ಕಿಣ್ವ ನೋಡಲಿ, ಇಸಿಜಿ ಆಗಲಿ. ಎರಡು ಕೆಜಿ ಫೀಡು ಕವರಿನಲ್ಲಿ ಕಟ್ಟಿ, ಚೀಲದ ಜೊತೆ ತೆಗೆದಿಡಿ. ಇನ್ನೊಂದು ಮಾತು. ಚೇತರಿಸಿಕೊಂಡರೂ ಹೃದಯ ಪರೀಕ್ಷೆ ಆಗುವವರೆಗೆ ಯಾರೂ ಹತ್ತಬಾರದು. ತಿಂಗಳುಗಳ ಮೇಲೂ ಓಡುತ್ತಲೇ ಕುಸಿದು ಬೀಳಬಹುದು. ಮಕ್ಕಳನ್ನಂತೂ ಕೂರಿಸಲೇಬೇಡಿ.

ಶಿವಮೊಗ್ಗ ಸದಸ್ಯ: ನಮ್ಮಪ್ಪ ಜಟಕಾ ಕುದುರೆ ಸಾಕಿದವರು. ಎಷ್ಟು ಕುದುರೆ ಗೊಟ್ಟದಲ್ಲೇ ಉಳಿದಿವೆ. ಓದಿದವರಿಗೆ ಎಲ್ಲದಕ್ಕೂ ಲ್ಯಾಬು ಬೇಕು.

ಮೈಸೂರು ಸದಸ್ಯ: ಅಣ್ಣ, ಜಟಕಾ ಕುದುರೆಗೆ ಆಗ ಯಾರು ಚೀಲದ ಫೀಡು ಹಾಕುತ್ತಿದ್ದರು? ಅವರ ಕುದುರೆ ಸಾಯುತ್ತಿದೆ, ಸುಮ್ಮನಿರಿ.

ಶಿವಮೊಗ್ಗ ಸದಸ್ಯ: ಉಣ್ಣಿ ಔಷಧಿ ಗೊತ್ತಿಲ್ಲದವರು ನನಗೆ ಬುದ್ಧಿ ಹೇಳಬೇಡಿ.

ಕನಕಪುರ ಸದಸ್ಯೆ: ಇಬ್ಬರೂ ಬೇರೆ ಕಡೆ ಜಗಳ ಆಡಿ ದಯವಿಟ್ಟು. ಸರ್, ಕುದುರೆಯ ಕಾಳು ಮೇಕೆ ತಿಂದರೆ?

ಡಾಕ್ಟರು: ಅದೂ ಕೆಟ್ಟದ್ದು. ಜಾಸ್ತಿ ತಿಂದರೆ ಹೊಟ್ಟೆ ಹುಳಿಯಾಗಿ ಉಬ್ಬರ ಬಂದು ಸಾಯಬಹುದು. ತೊಟ್ಟಿ ಬೇರೆ, ಕಾಳಿನ ಕೋಣೆಗೆ ಚಿಲಕ. ಮೇಕೆಗಳಿಗೆ ಕರುಳುಬೇನೆ, ಪಿಪಿಆರ್ (ಕುರಿ-ಮೇಕೆಗಳ ಸಾಂಕ್ರಾಮಿಕ ರೋಗ) ಲಸಿಕೆ ಹಾಕಿಸಿ.

ಹುಬ್ಬಳ್ಳಿ ಸದಸ್ಯ: ಕೊಂಬಿನ ಮೇಕೆ ಇಡಬಹುದಾ?

ಡಾಕ್ಟರು: ಮೇಲೆ ಓದಿ.

ದೊಡ್ಡಬಳ್ಳಾಪುರ ಸದಸ್ಯ: ಸರ್, ಚೀಲದ ಮೇಲೆ ಏನೂ ಬರೆದಿಲ್ಲ. ಅಂಗಡಿಯವರೇ ಕಲಸಿ ಕೊಟ್ಟಿದ್ದಂತೆ. ಊರಿನ ಪಶುವೈದ್ಯರು ದಾರಿಯಲ್ಲಿದ್ದಾರೆ.

ಡಾಕ್ಟರು: ಕೋಳಿ ಫೀಡಿಗೆ ಹಾಕುವ ಔಷಧಿ ಪುಡಿ (ಪ್ರಿಮಿಕ್ಸ್) ಬೆರೆಸಿದ್ದಾರಾ ಅಂತ ಅಂಗಡಿಯವರನ್ನೇ ಕೇಳಿ. ಬೇರೆ ಕುದುರೆಯವರಿಗೂ ಅದನ್ನೇ ಮಾರಿರಬಹುದು. ಪಶುವೈದ್ಯರು ಬಂದ ತಕ್ಷಣ ನನಗೆ ಫೋನ್ ಮಾಡಿ ಅವರ ಕೈಗೆ ಕೊಡಿ.