ಅಪ್‌ಡೇಟ್: ಕ್ಯೂಬ್ ಹಾಕದೆಯೇ 28 ದಿನದ ರಿಪೋರ್ಟಿಗೆ ಸಹಿ ಕೇಳಿದ್ದರು

ಈ ಸಹಿಗೆ ಇಲ್ಲ ಅನ್ನುವುದು ಹೇಗೆ ಅಂತ ಹೋದ ವಾರ ಇಲ್ಲಿ ಕೇಳಿದ್ದೆ. ಕಾಂಕ್ರೀಟ್ ಹಾಕುವಾಗಲೇ ಅದರಿಂದ ಕ್ಯೂಬ್ (ಪರೀಕ್ಷೆಯ ಘನಾಕೃತಿ ತುಂಡು) ಎರೆದಿಟ್ಟು, 28 ದಿನಕ್ಕೆ ಒಡೆದು ಬಲ ನೋಡಬೇಕು. ನಮ್ಮದು ಚಿಕ್ಕಬಳ್ಳಾಪುರದ ಹತ್ತಿರದ ಮೋರಿ ಸ್ಲ್ಯಾಬ್, ಎಂ25 (28 ದಿನಕ್ಕೆ ಚದರ ಮಿ.ಮೀ.ಗೆ 25 ನ್ಯೂಟನ್ ಬಲದ ಗ್ರೇಡ್), 12 ಘನ ಮೀಟರ್. ಎರಡು ಸ್ಯಾಂಪಲ್, ಅಂದರೆ ಆರು ಕ್ಯೂಬ್ ಬೇಕಿತ್ತು, ಒಂದೂ ಹಾಕಿರಲಿಲ್ಲ. ರಿಪೋರ್ಟಿಗೆ ಮಾತ್ರ ಸೈಟ್ ಇಂಜಿನಿಯರ್ ಆದ ನನ್ನ ಸಹಿ ಬೇಕಂತೆ! ಹಾಕಲಿಲ್ಲ. ನೌಕರಿಯೂ ಉಳಿದಿದೆ.

ಕೈಹಿಡಿದದ್ದು "ಬರೀ ಆಗಲ್ಲ ಅನ್ನಬೇಡಿ, ಬರೆದು ದಾರಿ ತೋರಿಸಿ" ಅಂದವರ ಸಲಹೆ. ಮ್ಯಾನೇಜರಿಗೆ ಮೂರೇ ಸಾಲಿನ ಮೇಲ್: ಕಾಂಕ್ರೀಟ್ ಹಾಕಿದ ತಾರೀಖು, ಕ್ಯೂಬ್ ಇಲ್ಲ, ಕೋರ್ ಟೆಸ್ಟ್ (ಸ್ಲ್ಯಾಬಿನಿಂದಲೇ ಉರುಳೆ ತುಂಡು ಕೊರೆದು ತೆಗೆದು ಬಲ ನೋಡುವುದು) ಮಾಡಿಸೋಣ. ಯಾರ ಮೇಲೂ ದೂರಿಲ್ಲ. ಬರಹದಲ್ಲಿ ಬಂದಮೇಲೆ ಒತ್ತಾಯ ನಿಂತೇಹೋಯಿತು.

ರೀಬೌಂಡ್ ಹ್ಯಾಮರ್ (ಕಾಂಕ್ರೀಟಿಗೆ ಬಡಿದು ಪುಟಿತ ಅಳೆಯುವ ಉಪಕರಣ) ಸಾಕು ಅಂತ ಕೆಲವರು ಅಂದದ್ದು ನಡೆಯಲಿಲ್ಲ. ಅದು ತೋರಿಸುವುದು ಮೇಲ್ಮೈ ಗಡಸುತನ, ಬಲದ ಅಂದಾಜು ಶೇ. 25 ಆಚೀಚೆ ಆಗಬಹುದು. ಈಗ ಕ್ಯೂಬ್ ಹಾಕಿ ಹಳೇ ತಾರೀಖು ಬರೆಯಿರಿ ಅಂದವರಿಗೆ ದೊಡ್ಡ ನಮಸ್ಕಾರ.

ಗೊತ್ತಿಲ್ಲದಿದ್ದ ವಿಷಯ: ಐಎಸ್ 456 (ಕಾಂಕ್ರೀಟಿನ ಭಾರತೀಯ ಮಾನದಂಡ) ಪ್ರಕಾರ ಕನಿಷ್ಠ ಮೂರು ಕೋರ್, ಅವುಗಳ ಸರಾಸರಿ ಬಲ ಗ್ರೇಡಿನ ಶೇ. 85 ಆದರೂ ಇರಬೇಕು, ಯಾವೊಂದೂ ಶೇ. 75ಕ್ಕಿಂತ ಇಳಿಯಬಾರದು. ಎಂ25ಕ್ಕೆ ಅದು ಚದರ ಮಿ.ಮೀ.ಗೆ 21.25 ಮತ್ತು 18.75 ನ್ಯೂಟನ್. ಕೋರ್ ಟೆಸ್ಟಿನಲ್ಲಿ ಸ್ಲ್ಯಾಬ್ ಪಾಸಾಯಿತು, ಆ ನಿಜವಾದ ರಿಪೋರ್ಟಿಗೇ ಸಹಿ ಬಿತ್ತು. ಕೊರೆಯುವ ಮುಂಚೆ ಕವರ್ ಮೀಟರಿನಲ್ಲಿ (ಒಳಗಿನ ಕಂಬಿ ಪತ್ತೆಮಾಡುವ ಉಪಕರಣ) ಕಂಬಿ ಗುರುತು ಮಾಡಿಕೊಳ್ಳಿ, ತೂತನ್ನು ನಾನ್‌ಶ್ರಿಂಕ್ ಗ್ರೌಟಿನಲ್ಲಿ (ಒಣಗಿದಾಗ ಕುಗ್ಗದ ಗಾರೆ) ಮುಚ್ಚಿಸಿ.