ಲಂಡನ್‌ಗೆ ಕಳಿಸುವ ಗ್ರೈಂಡರ್‌ಗೆ ಯಾವ ಪ್ಲಗ್ ಹಾಕಿಸಲಿ?

ಪೀಣ್ಯ ಗ್ರೈಂಡರ್:
ನಮಸ್ಕಾರ. ಪೀಣ್ಯದಲ್ಲಿ ನನ್ನದೊಂದು ಚಿಕ್ಕ ವರ್ಕ್‌ಶಾಪ್ ಇದೆ. 150 ವ್ಯಾಟ್‌ನ ಟೇಬಲ್ ಟಾಪ್ ಗ್ರೈಂಡರ್ ಮಾಡುತ್ತೇವೆ. ಲಂಡನ್‌ನ ಒಂದು ದಿನಸಿ ಅಂಗಡಿಯಿಂದ 40 ಗ್ರೈಂಡರ್‌ಗೆ ಆರ್ಡರ್ ಬಂದಿದೆ. ಹೋದ ಸಲ ನಮ್ಮ ಮೂರು ಪಿನ್ ಪ್ಲಗ್ ಜೊತೆ ಅಡಾಪ್ಟರ್ ಇಟ್ಟು 12 ಕಳಿಸಿದ್ದೆ. ತಗೊಂಡವರೊಬ್ಬರು ಫೋಟೋ ಕಳಿಸಿದರು. ಅಡಾಪ್ಟರ್ ಜೋತುಬಿದ್ದಿದೆ, ಪಿನ್ ಬುಡದಲ್ಲಿ ಪ್ಲಾಸ್ಟಿಕ್ ಕಂದಿಹೋಗಿದೆ. ಎರಡು ದಿನ ನಿದ್ದೆ ಬರಲಿಲ್ಲ. ಈ ಸಲ ಬ್ರಿಟನ್ ಪ್ಲಗ್ ಇರುವ ವೈರನ್ನೇ ಹಾಕಬೇಕು. ಪೇಟೆಯಿಂದ ಒಂದು ಸ್ಯಾಂಪಲ್ ತಂದಿದ್ದೇನೆ. ಮೂರೂ ಪಿನ್‌ಗೆ ಅರ್ಧದವರೆಗೆ ಕಪ್ಪು ಪ್ಲಾಸ್ಟಿಕ್ ಇದೆ. ಇದು ನಡೆಯುತ್ತದಾ? ನಮ್ಮದೇ ಹೆಸರು ಹಾಕಿ ಪ್ಲಗ್ ಮಾಡಿಸಬಹುದಾ?

ವೈರಿಂಗ್ ಮೇಷ್ಟ್ರು:
ಆ ಸ್ಯಾಂಪಲ್ ಹಾಕಲೇಬೇಡಿ ಸಾರ್. ಫೇಸ್, ನ್ಯೂಟ್ರಲ್ ಪಿನ್‌ಗೆ ಮಾತ್ರ ಪ್ಲಾಸ್ಟಿಕ್ ಇರಬೇಕು. ಅರ್ಥಿಂಗ್ ಪಿನ್ ಪೂರ್ತಿ ಲೋಹ. ಅದಕ್ಕೂ ಪ್ಲಾಸ್ಟಿಕ್ ತೊಡಿಸಿದರೆ ಸಾಕೆಟ್ ಒಳಗೆ ಅರ್ಥಿಂಗ್ ತಗಲದೇ ಹೋಗಬಹುದು. ಪಿನ್ ಇರುವ ಕಡೆ ಫ್ಯೂಸಿನ ಪುಟ್ಟ ಮುಚ್ಚಳ ಇದೆಯಾ ನೋಡಿ. ಸ್ಕ್ರೂಡ್ರೈವರ್‌ನಿಂದ ಮೀಟಿದರೆ 1 ಇಂಚಿನ ಫ್ಯೂಸ್ ಹೊರಗೆ ಬರಬೇಕು.

ಅಲ್ಲಿನ ಎಷ್ಟೋ ಮನೆಗಳಲ್ಲಿ ರಿಂಗ್ ಸರ್ಕ್ಯೂಟ್, ಅಂದರೆ ವೈರ್ ಸಾಕೆಟ್‌ಗಳನ್ನೆಲ್ಲ ಸುತ್ತಿ ಬ್ರೇಕರ್‌ಗೇ ವಾಪಸ್ ಬರುತ್ತದೆ. ಒಂದು 32 ಆಂಪ್ ಬ್ರೇಕರ್ ಮೇಲೆ ಹಲವು ಸಾಕೆಟ್ ಇರುತ್ತವೆ. ನಿಮ್ಮ ತೆಳು ವೈರನ್ನು ಕಾಯುವುದು ಪ್ಲಗ್ ಒಳಗಿನ ಫ್ಯೂಸ್. 150 ವ್ಯಾಟ್‌ಗೆ 3 ಆಂಪ್ ಹಾಕಿ, 13 ಬೇಡ. ಮೋಟಾರ್ ಸ್ಟಾರ್ಟ್ ಆಗುವಾಗ ಜಾಸ್ತಿ ಎಳೆಯುತ್ತದಲ್ಲ, ಅದಕ್ಕೆ ನೆನೆಸಿದ ಉದ್ದಿನಬೇಳೆ ತುಂಬಿಸಿ ಇಪ್ಪತ್ತು ಸಲ ಆನ್-ಆಫ್ ಮಾಡಿ ನೋಡಿ.

40 ಪೀಸ್‌ಗೋಸ್ಕರ ಸ್ವಂತ ಅಚ್ಚು ಬೇಡ. ಹೊಸ ಪ್ಲಗ್ ಅಂದರೆ ಪರೀಕ್ಷೆ, ಸರ್ಟಿಫಿಕೇಟ್ ಎಲ್ಲ ಹೊಸದಾಗಿ ಆಗಬೇಕು. ಬಿಎಸ್ 1363 (ಬ್ರಿಟನ್ ಪ್ಲಗ್‌ನ ಮಾನದಂಡ) ಸರ್ಟಿಫಿಕೇಟ್ ಇರುವ ರೆಡಿ ಕಾರ್ಡ್, ಅಂದರೆ ಪ್ಲಗ್ ಸಮೇತ ಬರುವ ವೈರ್, ತಗೊಳ್ಳಿ. ಉದ್ದ, ತುದಿಯ ಲಗ್ (ಲೋಹದ ಕೊಂಡಿ) ನಿಮಗೆ ಬೇಕಾದ ಹಾಗೆ ಕೇಳಿ ಮಾಡಿಸಿಕೊಳ್ಳಿ. ಸರ್ಟಿಫಿಕೇಟ್ ನಂಬರ್ ಸರಿಯಾ ಅಂತ ಅದನ್ನು ಕೊಟ್ಟ ಸಂಸ್ಥೆಯಲ್ಲೇ ವಿಚಾರಿಸಿ. ವೈರ್ ಮೇಲೆ ಎಚ್05ವಿವಿ-ಎಫ್ 3ಜಿ0.75 ಅಂತ ಬರೆದಿರಲಿ, ಅಂದರೆ ಒಳಗೆ ಅರ್ಥಿಂಗ್ ಸೇರಿ 0.75 ಚದರ ಮಿ.ಮೀ.ನ ಮೂರು ತಂತಿ. ಮನೆ ಬಳಕೆಯ ಯಂತ್ರಕ್ಕೆ ಸರಿಯಾದ ಪ್ಲಗ್ ಹಾಕಿಯೇ ಮಾರಬೇಕು ಅಂತ ಅಲ್ಲಿ 1994ರ ನಿಯಮವೇ ಇದೆ.

ಲೆಸ್ಟರ್ ಕನ್ನಡಿಗ:
ಯಂತ್ರದ ಹಿಂದೆ ಸಿ14 ಇನ್‌ಲೆಟ್ (ಕಂಪ್ಯೂಟರ್ ಹಿಂದೆ ವೈರ್ ಚುಚ್ಚುವಂಥ ಮೂರು ಪಿನ್ ಕಿಂಡಿ) ಕೂರಿಸಿದರೆ ದೇಶಕ್ಕೊಂದು ಕಾರ್ಡ್ ಚುಚ್ಚಬಹುದು ಅಲ್ವಾ? ಜರ್ಮನಿ, ಫ್ರಾನ್ಸ್ ಎರಡಕ್ಕೂ ಒಂದೇ ಸಿಇಇ 7/7 ಪ್ಲಗ್ (ಯುರೋಪಿನ ಎರಡು ದುಂಡು ಪಿನ್‌ನದು) ಸಾಕು.

ವೈರಿಂಗ್ ಮೇಷ್ಟ್ರು:
ಕಂಪ್ಯೂಟರ್‌ಗೆ ಅದು ಸರಿ. ಗ್ರೈಂಡರ್ ಅದುರುತ್ತದೆ, ಹಿಟ್ಟು ಬಳಿಯುವಾಗ ನೀರು ಹಿಂದಕ್ಕೆ ಇಳಿಯುತ್ತದೆ. ವೈರನ್ನು ಗ್ಲ್ಯಾಂಡ್ (ವೈರನ್ನು ಬಿಗಿಹಿಡಿಯುವ ಬಿರಡೆ) ಹಾಕಿ ಫಿಕ್ಸ್ ಮಾಡುವುದೇ ವಾಸಿ. ಅಮೆರಿಕಕ್ಕಂತೂ ಬರೀ ವೈರ್ ಬದಲಿಸಿದರೆ ಆಗಲ್ಲ. ಅಲ್ಲಿ 120 ವೋಲ್ಟ್, 60 ಹರ್ಟ್ಸ್. ಮೋಟಾರೇ ಬೇರೆ ಬೇಕು.

ಪೀಣ್ಯ ಗ್ರೈಂಡರ್:
ಈಗಷ್ಟೇ ನೋಡಿದೆ ಮೇಷ್ಟ್ರೇ. ಮುಚ್ಚಳವೂ ಇಲ್ಲ, ಫ್ಯೂಸೂ ಇಲ್ಲ. ಸರಿಯಾದ ಕಾರ್ಡ್ ಸಿಗುವವರೆಗೆ 40 ಗ್ರೈಂಡರ್ ಇಲ್ಲೇ ಇರಲಿ. ಲಂಡನ್ ಅಂಗಡಿಗೆ ಫೋನ್ ಮಾಡಿದೆ. ಹೋದ ಸಲದ 12 ಗ್ರೈಂಡರ್ ಬಳಸಬೇಡಿ ಅಂತ ಎಲ್ಲರಿಗೂ ಹೇಳುತ್ತಾರಂತೆ. ಅಲ್ಲಿನ ಎಲೆಕ್ಟ್ರಿಷಿಯನ್ ಕೈಯಲ್ಲಿ ವೈರ್ ಬದಲಾಯಿಸಿ, ಖರ್ಚು ನನ್ನದು ಅಂದಿದ್ದೇನೆ.